ಶುಕ್ರವಾರ ಬಂದರೆ ಮನೆಯವರಿಗೆ ಹೆದರಿಕೆ

ಮೊದಲೇ ಒಂದು ಮಾತು. ನಾನು ಆಪ್ತಸಲಹೆಗಾರ್ತಿ, ನನ್ನ ಹತ್ತಿರ ಬಂದ ಒಂದು ಕ್ರೈಸ್ತ ಕುಟುಂಬದ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು, ಮಕ್ಕಳ ವಿವರ, ಕೆಲಸದ ಕೆಲವು ಸಂಗತಿ ಬದಲಿಸಿದ್ದೇನೆ. ಬೀದರ್ ಜಿಲ್ಲೆಯವರು ಅನ್ನುವುದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದನ್ನು ತೆಗೆದರೆ ಕಥೆ ಅರ್ಥವಾಗುವುದಿಲ್ಲ.

ಮೊದಲು ಬಂದದ್ದು ಹೆಂಡತಿ. ಕುರ್ಚಿಯ ತುದಿಯಲ್ಲಿ ಕೂತರು, ಚೀಲ ತೊಡೆಯ ಮೇಲೇ ಇತ್ತು. "ಮೇಡಂ, ನಮ್ಮನೆಯವರು ಕುಡಿಯಲ್ಲ, ಸೇದಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಪ್ರಾರ್ಥನೆ ಮಾಡ್ತಾರ. ಚರ್ಚಿನಾಗ ಎಲ್ಲರೂ ಹೊಗಳ್ತಾರ. ಆದ್ರ ಶುಕ್ರವಾರ ಬಂತಂದ್ರ ಮಕ್ಕಳು ಮನಿಗಿ ಬರಾಕ ಹೆದರ್ತಾವ್ರಿ."

ಶುಕ್ರವಾರ ಅವರ ಉಪವಾಸದ ದಿನ.

ಇಂಥ ಮಾತು ಕೇಳಿದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ: ಕೈ ಎತ್ತಿದ್ದಾರಾ? ಹಿಂದಿನ ವರ್ಷ ಮಗನಿಗೆ ಒಮ್ಮೆ ಕಪಾಳಕ್ಕೆ ಹೊಡೆದಿದ್ದರು. ತಟ್ಟೆ ಎಸೆದದ್ದು ಎರಡು ಮೂರು ಸಲ. ಉಳಿದದ್ದೆಲ್ಲ ಬೈಗುಳ, ಆಮೇಲೆ ದಿನಗಟ್ಟಲೆ ಮೌನ. ಇನ್ನೊಮ್ಮೆ ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ತಮ್ಮನ ಮನೆಗೆ ಹೋಗಿ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ, ಪ್ರಾರ್ಥನೆ ಆಮೇಲೆ ಮಾಡಬಹುದು ಎಂದು ನೇರವಾಗಿ ಹೇಳಿದೆ. ವಿಶ್ವಾಸಿ ಕುಟುಂಬಗಳಲ್ಲಿ ಈ ಮಾತನ್ನು ಬಾಯಿ ಬಿಟ್ಟು ಹೇಳಲೇಬೇಕು, ಯಾಕೆಂದರೆ "ಸಹಿಸಿಕೋ, ಪ್ರಾರ್ಥಿಸು" ಅಂತ ಹೇಳುವವರಿಗೇನೂ ಅಲ್ಲಿ ಕಡಿಮೆ ಇಲ್ಲ.

ಎರಡು ವಾರ ಬಿಟ್ಟು ಗಂಡನೇ ಬಂದರು. ಪ್ರೌಢಶಾಲೆಯ ಮೇಷ್ಟ್ರು, ನಲವತ್ತು ದಾಟಿದ್ದಾರೆ, ಮೆಥಡಿಸ್ಟ್ ಸಭೆಯಲ್ಲಿ, ಅಂದರೆ ಆ ಹೆಸರಿನ ಪ್ರೊಟೆಸ್ಟೆಂಟ್ ಪಂಗಡದ ಚರ್ಚಿನಲ್ಲಿ, ಜವಾಬ್ದಾರಿ ಇರುವವರು. ಕೈಯಲ್ಲಿ ಇನ್ನೂರು ಪುಟದ ಉದ್ದ ನೋಟ್‌ಬುಕ್. ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ ಮಾಡಿದ್ದರು. ಪ್ರಾರ್ಥನೆ ಎಷ್ಟು ನಿಮಿಷ, ಎಷ್ಟು ಅಧ್ಯಾಯ ಓದು, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು ದೇವರಿಗೆ ಕೊಡುವುದು), ಉಪವಾಸ, ಸಿಟ್ಟು, ಕೆಟ್ಟ ಯೋಚನೆ. ಪ್ರತಿ ರಾತ್ರಿ ತಮಗೆ ತಾವೇ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟುಕೊಳ್ಳುತ್ತಿದ್ದರು, ಅದೂ ಕೆಂಪು ಪೆನ್ನಿನಲ್ಲಿ. ಆ ತಿಂಗಳು ಸಿಟ್ಟಿನ ಕಾಲಂನಲ್ಲಿ ಇಪ್ಪತ್ತಮೂರು ಕೆಂಪು ಗುರುತು. "ಫೇಲ್ ಆಗೀನ್ರಿ ಮೇಡಂ. ಹನ್ನೊಂದು ವರ್ಷದಿಂದ ಬರಿಯಾಕತ್ತೀನಿ. ಒಂದು ತಿಂಗಳೂ ಪಾಸಾಗಿಲ್ಲ."

ಹನ್ನೊಂದು ವರ್ಷ!

ನನ್ನದೂ ಒಂದು ತಪ್ಪು ಇದೆ, ಹೇಳಿಬಿಡುತ್ತೇನೆ. ಆ ದಿನ ನಾನು ಸುಮ್ನೆ ಪಾಠದ ಪುಸ್ತಕದಲ್ಲಿರುವುದನ್ನು ಕೊಟ್ಟು ಕಳಿಸಿದೆ. ಸಿಟ್ಟು ಬಂದಾಗ ಹತ್ತು ಎಣಿಸಿ, ನಿಧಾನವಾಗಿ ಉಸಿರು ಬಿಡಿ, ಆ ಕೋಣೆಯಿಂದ ಹೊರಗೆ ಬನ್ನಿ ಅಂತ. ಬೇರೆಯವರಿಗೆ ಇದು ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಮುಂದಿನ ವಾರ ಮೇಷ್ಟ್ರು ಬಂದರು, ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಇತ್ತು: "ಹತ್ತು ಎಣಿಸಿದ್ದು". ಅದರಲ್ಲೂ ಕೆಂಪು ಗುರುತು. ಕಾಯಿಲೆಗೆ ನಾನೇ ಇನ್ನೊಂದು ಡೋಸ್ ಕೊಟ್ಟಿದ್ದೆ.

ಆಮೇಲೆ ಸರಿಯಾಗಿ ಕೂತು ಕೇಳಿದೆ. ಕೆಲವರಿಗೆ ಪಾಪದ ಭಯವೇ ಒಂದು ಗೀಳಾಗಿರುತ್ತದೆ. ಕೆಟ್ಟ ಯೋಚನೆ ಬಂತು ಅಂತ ಅದೇ ಪ್ರಾರ್ಥನೆಯನ್ನು ಐವತ್ತು ಸಲ ಹೇಳುವುದು, ಸರಿಯಾಗಿ ಹೇಳಲಿಲ್ಲ ಅನ್ನಿಸಿ ಮತ್ತೆ ಮೊದಲಿಂದ ಶುರು ಮಾಡುವುದು. ಅದು ಒಸಿಡಿ ಅನ್ನುವ ಗೀಳು ಕಾಯಿಲೆಯ ಒಂದು ರೂಪ, ಅದಕ್ಕೆ ಮನೋವೈದ್ಯರು ಬೇಕು, ಔಷಧವೂ ಬೇಕಾಗಬಹುದು. ಇವರಲ್ಲಿ ಅದು ಕಾಣಲಿಲ್ಲ. ನಿಮಗೆ ಹಾಗೆ ಆಗುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಸಣ್ಣ ವಿಷಯವನ್ನೂ ಕೇಳಿದೆ. ದಿನಕ್ಕೆ ಎಷ್ಟು ಚಹಾ? ಆರು. ಶುಕ್ರವಾರ? ಒಂದೂ ಇಲ್ಲ, ನೀರು ಮಾತ್ರ. ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದಾ? "ಹೌದ್ರಿ, ಸೈತಾನ ಕಾಡ್ತಾನ." ನನಗೆ ನಗು ತಡೆಯಲಾಗಲಿಲ್ಲ. ಆರು ಚಹಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೆಫೀನ್ ಇಲ್ಲದೆ ತಲೆನೋವು, ಸಿಡುಕು ಬರುತ್ತದೆ. ಅದಕ್ಕೆ ಸೈತಾನನ ತನಕ ಹೋಗಬೇಕಾಗಿಲ್ಲ. ಮೇಷ್ಟ್ರಿಗೆ ಇದು ಸ್ವಲ್ಪ ಅವಮಾನ ಅನ್ನಿಸಿತು ಅಂತ ಕಾಣುತ್ತದೆ.

ಆದರೆ ಚಹಾ ಒಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸಿಟ್ಟು ಉಳಿದ ದಿನಗಳಲ್ಲೂ ಇತ್ತು. ಯಾವಾಗ ಬರುತ್ತದೆ ಅಂತ ಒಂದೊಂದಾಗಿ ನೋಡುತ್ತಾ ಹೋದೆವು. ಮಗ ಭಾನುವಾರ ಆರಾಧನೆಗೆ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಬಂದಾಗ. ಮಗಳು ನೆಂಟರ ಮುಂದೆ ಜೋರಾಗಿ ನಕ್ಕಾಗ. ಪಕ್ಕದ ಮನೆಯವರಿಗೆ ಕೇಳುವ ಹಾಗೆ ಟಿವಿ ಹಾಕಿದಾಗ. ಎಲ್ಲದರಲ್ಲೂ ಒಬ್ಬ ಹೊರಗಿನವನು ನೋಡುತ್ತಿದ್ದಾನೆ, ಗಮನಿಸಿದಿರಾ?

ಅವರ ಅಪ್ಪ ಹಳ್ಳಿಯಲ್ಲಿ ಸಭೆ ನೋಡಿಕೊಳ್ಳುತ್ತಿದ್ದವರು. ಈ ಕಡೆಯ ಬಹಳ ಕ್ರೈಸ್ತ ಕುಟುಂಬಗಳ ಹಾಗೆ ಅವರ ಅಜ್ಜನ ಕಾಲಕ್ಕೆ, ನಿಜಾಮರ ಆಳ್ವಿಕೆಯಲ್ಲಿ, ಊರ ಹೊರಗಿನ ಕೇರಿಯಿಂದ ಸಭೆಗೆ ಬಂದವರು. ಅಪ್ಪ ದಿನಾ ಹೇಳುತ್ತಿದ್ದ ಮಾತು ಒಂದೇ ಅಂತೆ: "ನಾವು ಚೊಲೋ ಮಂದಿ ಅಂತ ಊರಿಗೆ ತೋರಸ್ಬೇಕು. ಒಂದು ಕಲಿ ಕಾಣಬಾರದು." ಅಂಗಿಯ ಮೇಲೆ ಮಣ್ಣಾದರೆ ಹೊಡೆತ. ಆ ಅಪ್ಪನನ್ನು ನಾನು ದೂರಲಾರೆ. ಊರಿನವರು ಬಾವಿಯ ಹತ್ತಿರ ಬಿಡದಿದ್ದ ಮನೆತನದವನಿಗೆ ಬಿಳಿ ಅಂಗಿ ಬರೀ ಬಟ್ಟೆಯಾಗಿರಲಿಲ್ಲ. ಮೇಷ್ಟ್ರು ಇದನ್ನು ಹೇಳುವಾಗ ಮೊದಲ ಸಲ ಅತ್ತರು. ದೇವರ ಮುಖ ನೆನೆಸಿಕೊಂಡರೆ ಯಾರ ಮುಖ ಕಾಣುತ್ತದೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಅಪ್ಪಂದೇ. ಕೈಯಾಗ ಬೆತ್ತ ಐತಿ."

ಅಲ್ಲಿಂದ ನಮ್ಮ ಮಾತು ಬೇರೆ ದಾರಿ ಹಿಡಿಯಿತು.

ಅವರ ಸಭೆಯ ಮೂಲಪುರುಷನನ್ನೇ ಮಧ್ಯಕ್ಕೆ ತಂದೆ. ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಗೆಳೆಯರ ಜೊತೆ ಸೇರಿ ವಾರಕ್ಕೆ ಎರಡು ದಿನ ಉಪವಾಸ, ಜೈಲಿನಲ್ಲಿದ್ದವರ ಭೇಟಿ, ದಿನಚರಿಯಲ್ಲಿ ಗಂಟೆ ಗಂಟೆಯ ಲೆಕ್ಕ, ಎಲ್ಲ ಇಟ್ಟುಕೊಂಡಿದ್ದ. ಮೆಥಡಿಸ್ಟ್ ಅನ್ನುವುದೇ ಅವರನ್ನು ಗೇಲಿ ಮಾಡಲು ಇಟ್ಟ ಹೆಸರು. 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟ, ಸೋತು 1738ರಲ್ಲಿ ವಾಪಸ್ ಬಂದ. ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದ. ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ ಇದೆಯಲ್ಲ, ಅದಕ್ಕೆ ಜರ್ಮನಿಯ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಕ್ರಿಸ್ತನಲ್ಲಿ ನಂಬಿಕೆಯ ಮೂಲಕ ದೇವರು ಹೃದಯದಲ್ಲಿ ಮಾಡುವ ಬದಲಾವಣೆಯ ವಿಷಯ ಬಂದಾಗ ತನ್ನ ಎದೆ ಬೆಚ್ಚಗಾಯಿತು ಅಂತ ಅವನೇ ಬರೆದುಕೊಂಡಿದ್ದಾನೆ. ಆಗ ಅವನು ಪಾದ್ರಿಯಾಗಿ ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು! ಪ್ರಯತ್ನಕ್ಕೇನೂ ಕೊರತೆ ಇರಲಿಲ್ಲ.

ಮೇಷ್ಟ್ರಿಗೆ ಈ ತಾರೀಖು ಬಾಯಿಪಾಠ. ಪ್ರತಿ ಮೇ ತಿಂಗಳು ಕೇಳಿದ್ದಾರೆ. "ಅದು ಅವನ ಕಥೆ ಅಂದ್ಕೊಂಡಿದ್ದೆ" ಅಂದರು.

ಒಂದು ಮಾತು ಸೇರಿಸಿದೆ, ಇಲ್ಲದಿದ್ದರೆ ಮೋಸವಾಗುತ್ತದೆ. ಅದಾದ ಮೇಲೂ ವೆಸ್ಲಿ ಉಪವಾಸ ಬಿಡಲಿಲ್ಲ, ದಿನಚರಿ ಬಿಡಲಿಲ್ಲ. ಮತ್ತೆ 1751ರಲ್ಲಿ ಆದ ಮದುವೆ ಅವನಿಗೆ ಸುಖ ಕೊಡಲಿಲ್ಲ, ಹೆಂಡತಿ ಬಿಟ್ಟೇ ಹೋದರು. ಎದೆ ಬೆಚ್ಚಗಾದ ಕೂಡಲೇ ಅಡುಗೆಮನೆಯ ಜಗಳ ತಾನಾಗಿ ತೀರುವುದಿಲ್ಲ.

ಸಲಹೆ ಅಂತ ಕೊಟ್ಟದ್ದು ಇಷ್ಟು. ನೋಟ್‌ಬುಕ್ ಮುಚ್ಚಿ ಹೆಂಡತಿಯ ಕೈಗೆ ಕೊಡಿ. ಶುಕ್ರವಾರದ ಉಪವಾಸ ಬೇಕಿದ್ದರೆ ಇರಲಿ, ಆದರೆ ಚಹಾ ಕುಡಿಯಿರಿ, ಮತ್ತೆ ಸಂಜೆ ಮಕ್ಕಳ ಜೊತೆ ಕೂತೇ ಉಪವಾಸ ಮುರಿಯಿರಿ. ಬೆಳಗಿನ ಪ್ರಾರ್ಥನೆಯಲ್ಲಿ "ನನ್ನನ್ನು ಸರಿ ಮಾಡು" ಅಂತ ಬೇಡುವ ಮೊದಲು ಹಿಂದಿನ ದಿನ ಆದದ್ದನ್ನು ಆದ ಹಾಗೇ ಹೇಳಿ, ಅಂಕ ಕೊಡಬೇಡಿ. ಸಿಟ್ಟಿನ ಹಿಂದೆ ಏನಿತ್ತು ಅದನ್ನೂ ಹೇಳಿ: ಯಾರು ನೋಡುತ್ತಾರೆ ಅಂತ ಹೆದರಿದೆ, ಏನು ಕಳೆದುಹೋಗುತ್ತದೆ ಅನ್ನಿಸಿತು. ಆಮೇಲೆ ಐದು ನಿಮಿಷ ಬಾಯಿ ಮುಚ್ಚಿ ಕೂತಿರಿ. ಬೈಬಲ್ಲಿನ ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯ ಇವರಿಗೆ ಗೊತ್ತು. ವಾರಕ್ಕೆರಡು ಉಪವಾಸ, ದಶಮಾಂಶ ಎಲ್ಲ ಎಣಿಸಿ ಹೇಳಿದವನೂ, ದೂರದಲ್ಲಿ ನಿಂತು ಎದೆ ಬಡಿದುಕೊಂಡು ಕರುಣಿಸು ಅಂದ ಸುಂಕದವನೂ. ದೇವರು ಒಪ್ಪಿದ್ದು ಸುಂಕದವನನ್ನು. ಇಷ್ಟು ವರ್ಷ ಅದರ ಮೇಲೆ ಪ್ರಸಂಗ ಕೂಡ ಮಾಡಿದ್ದಾರೆ, ತಾವು ಸುಂಕದವನ ಕಡೆ ಅಂದುಕೊಂಡು!

ಕೊನೆಯದು ಮಗನ ಹತ್ತಿರ ಕ್ಷಮೆ ಕೇಳುವುದು. "ಆದರೆ" ಅನ್ನುವ ಪದ ಬಾರದ ಹಾಗೆ.

"ಇದೂ ಪ್ರಯತ್ನಾನೇ ಅಲ್ವೇನ್ರಿ?" ಮೇಷ್ಟ್ರು ಹಿಡಿದರು. ಒಳ್ಳೆಯ ಪ್ರಶ್ನೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯ, 12 ಮತ್ತು 13 ತೆಗೆಯಿರಿ ಅಂದೆ. ಒಂದರಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಅಂತ ಇದೆ. ಮುಂದಿನದರಲ್ಲೇ, ಬಯಕೆಯನ್ನೂ ಮಾಡುವ ಶಕ್ತಿಯನ್ನೂ ನಿಮ್ಮೊಳಗೆ ಹುಟ್ಟಿಸುವವನು ದೇವರೇ ಅಂತ ಇದೆ. ಕೈ ಕಟ್ಟಿ ಕೂರಿ ಅಂತ ಪೌಲ ಎಲ್ಲೂ ಹೇಳಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಸಿಟ್ಟು, ಜಗಳದಂಥ ಶರೀರಭಾವದವು "ಕರ್ಮಗಳು", ಪ್ರೀತಿ, ತಾಳ್ಮೆಯಂಥ ಆತ್ಮನದು "ಫಲ". ಮೇಷ್ಟ್ರು ಹನ್ನೊಂದು ವರ್ಷ ಫಲವನ್ನೂ ಕರ್ಮದ ಪಟ್ಟಿಗೇ ಸೇರಿಸಿ ಅಂಕ ಹಾಕುತ್ತಿದ್ದರು. ಅಪ್ಪ ಮನೆಯೊಳಗೆ ಕರೆಯಲಿ ಅಂತ ಅಂಗಳ ಗುಡಿಸುವ ಹುಡುಗನೂ ಇದ್ದಾನೆ, ಮನೆ ತನ್ನದೇ ಅಂತ ಗುಡಿಸುವ ಹುಡುಗನೂ ಇದ್ದಾನೆ. ಕಸಬರಿಗೆ ಇಬ್ಬರ ಕೈಯಲ್ಲೂ ಒಂದೇ.

ಮುಂದಿನ ಸಲ ಬಂದಾಗ ಮುಖ ಅರಳಿತ್ತು. "ಮೇಡಂ, ಈ ವಾರ ಪೂರ್ತಿ ನಾನು ಏನೂ ಪ್ರಯತ್ನ ಮಾಡಲಿಲ್ಲ. ಏಳು ದಿನದಾಗ ಐದು ದಿನ ದೇವರಿಗೇ ಬಿಟ್ಟೆ." ಐದು ದಿನ ಅಂತ ಹೇಗೆ ಗೊತ್ತು ಅಂದೆ. ಜೇಬಿನಿಂದ ಸಣ್ಣ ಚೀಟಿ ಹೊರಬಂತು, ಐದು ಟಿಕ್ ಗುರುತು. ಇಬ್ಬರೂ ನಕ್ಕೆವು. ಅವರು ಆ ಚೀಟಿಯನ್ನು ನನ್ನ ಕಸದ ಬುಟ್ಟಿಗೆ ಹಾಕಿದರು, ಮತ್ತೆ ಒಮ್ಮೆ ತಿರುಗಿ ನೋಡಿದರು ಕೂಡ.

ಮಗನ ಹತ್ತಿರ ಮಾತಾಡಲು ಒಂದೂವರೆ ತಿಂಗಳು ಹಿಡಿಯಿತು. ಅದೂ ಯೋಚಿಸಿ ಮಾಡಿದ್ದಲ್ಲ. ಒಂದು ರಾತ್ರಿ ಹುಡುಗ ಬೈಕ್ ತೆಗೆದುಕೊಂಡು ಹೋಗಿ ಹತ್ತೂವರೆಗೆ ಬಂದ. ಬಾಗಿಲು ತೆಗೆದ ಮೇಷ್ಟ್ರಿಗೆ ಬೈಗುಳ ಗಂಟಲ ತನಕ ಬಂದಿತ್ತು. ಅಷ್ಟರಲ್ಲಿ ಹುಡುಗ ಕೈ ಎತ್ತಿ ಮುಖ ಮುಚ್ಚಿಕೊಂಡ, ಹೊಡೆತ ಬೀಳುತ್ತದೆ ಅಂತ. "ಅದು ನಾನೇ ಮೇಡಂ. ಅಪ್ಪನ ಮುಂದೆ ನಾನು ಹಂಗೇ ನಿಂತಿದ್ದೆ." ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಿನಗೆ ಏನಾಯಿತೋ ಅಂತ ಹೆದರಿದ್ದೆ, ಆಗ ಹೊಡೆದದ್ದು ನನ್ನ ತಪ್ಪು, ಅಂದರು. ಅಷ್ಟೇ. ಹುಡುಗ ಏನೂ ಹೇಳದೆ ಒಳಗೆ ಹೋದ.

ಅವರನ್ನು ಕೇಳಿದೆ, ಆ ಹೊತ್ತು ಏನು ಮಾಡಿದಿರಿ? ಹತ್ತು ಎಣಿಸಿದಿರಾ? "ಇಲ್ರಿ. ಎಣಿಸೋಕೆ ನೆನಪೇ ಆಗಲಿಲ್ಲ. ಸಿಟ್ಟು ಇತ್ತು, ಆದ್ರ ಅದರ ಜಾಗದಾಗ ಬೇರೇನೋ ಬಂದು ಕೂತಂಗಾತು." ಅದನ್ನು ಪವಿತ್ರಾತ್ಮನ ಕೆಲಸ ಅಂತ ಅವರು ನಂಬುತ್ತಾರೆ. ನಾನೂ ನಂಬುತ್ತೇನೆ. ಬೇರೆಯ ಆಪ್ತಸಲಹೆಗಾರರು ಬೇರೆ ಹೆಸರು ಇಡಬಹುದು, ಅದಕ್ಕೆ ನನ್ನ ಜಗಳ ಇಲ್ಲ.

ಮೇಷ್ಟ್ರು ಪ್ರತಿ ವರ್ಷ ಮಕ್ಕಳನ್ನು ಬಿದರಿ ಕೆಲಸ ನೋಡಲು ಕರೆದುಕೊಂಡು ಹೋಗುತ್ತಾರೆ. ಒಂದು ದಿನ ಅದನ್ನೇ ಹೇಳಿದರು. ಕೆತ್ತುವ ಮೊದಲು ಪಾತ್ರೆಗೆ ಮೈಲುತುತ್ತ ಹಚ್ಚುತ್ತಾರೆ, ಗೆರೆ ಕಾಣಲಿ ಅಂತ. ಆ ಕಪ್ಪು ತಾತ್ಕಾಲಿಕ, ಉಜ್ಜಿದರೆ ಹೋಗುತ್ತದೆ. ಕೊನೆಗೆ ಉಳಿಯುವ ಕಪ್ಪು ಬರುವುದು ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಕಾಯಿಸಿ ಹಚ್ಚಿದ ಮೇಲೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. "ನಂದು ಮೈಲುತುತ್ತದ ಕಪ್ಪು ಇತ್ರಿ." ಹೋಲಿಕೆ ಚೆನ್ನಾಗಿದೆ. ಆದರೆ ಪಾತ್ರೆಗೆ ಬಣ್ಣ ಒಂದೇ ಸಲಕ್ಕೆ ಬರುತ್ತದೆ, ಮನುಷ್ಯನಿಗೆ ಹಾಗಾಗುವುದನ್ನು ನಾನು ನೋಡಿಲ್ಲ. ಕ್ರಿಸ್‌ಮಸ್ಸಿಗೆ ನೆಂಟರು ಬಂದಾಗ ಮೇಷ್ಟ್ರು ಮತ್ತೆ ಮಗಳ ಮೇಲೆ ಕೂಗಾಡಿದರು. ಈ ಸಲ ಅರ್ಧ ಗಂಟೆಯೊಳಗೆ, ನೆಂಟರ ಮುಂದೆಯೇ, ತಪ್ಪಾಯಿತು ಅಂದರಂತೆ. ಮೊದಲಾಗಿದ್ದರೆ ನಾಲ್ಕು ದಿನ ಮೌನ.

ಹೆಂಡತಿಗೆ ಫೋನ್ ಮಾಡಿ ಶುಕ್ರವಾರ ಹೇಗಿದೆ ಅಂತ ಕೇಳಿದೆ. "ಅಡ್ಡಿ ಇಲ್ರಿ. ಮಕ್ಕಳು ಈಗ ಟೈಮಿಗೆ ಬರ್ತಾವ. ನನಗ ಇನ್ನೂ ಪೂರಾ ಧೈರ್ಯ ಬಂದಿಲ್ಲ." ಬರಬೇಕಾಗಿಲ್ಲ ಅಂದೆ. ಗಂಡ ಬದಲಾದ ಕೂಡಲೇ ಹೆಂಡತಿಯೂ ಹೆದರಿಕೆ ಬಿಡಬೇಕು ಅನ್ನುವುದು ಸರಿಯಲ್ಲ. ಆಕೆಗೆ ಬೇಕಾದಷ್ಟು ದಿನ ತೆಗೆದುಕೊಳ್ಳಲಿ, ಅದನ್ನು ಮೇಷ್ಟ್ರಿಗೂ ಹೇಳಿದ್ದೇನೆ. ನೋಟ್‌ಬುಕ್ ಎಲ್ಲಿದೆ ಅಂತಲೂ ಕೇಳಿದೆ. ಉಳಿದ ಹಾಳೆಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾರಂತೆ, ಕಾಲಂ ಮೊದಲೇ ಹಾಕಿತ್ತಲ್ಲ, ಅನುಕೂಲವಾಯಿತು ಅಂದರು.

ಗುರುವಾರ ಮಗ ಒಬ್ಬನೇ ಬರುತ್ತೇನೆ ಅಂದಿದ್ದಾನೆ. ಅಪ್ಪನಿಗೆ ಹೇಳಬೇಡಿ ಅಂತ ಕೇಳಿಕೊಂಡಿದ್ದ. ಆಮೇಲೆ ಇನ್ನೊಂದು ಮೆಸೇಜ್ ಕಳಿಸಿದ: ಹೇಳಿದರೂ ಪರವಾಗಿಲ್ಲ.