ಕಳ್ಳನಿಗಿಂತ ಮೊದಲು ಪ್ರೊಪೆಲ್ಲರ್‌ಗೆ ಹೆದರಿ

ಪ್ರಶ್ನೆ: ನಾವು ಕಾರವಾರದ ಬೈತಖೋಲದವರು, ಮೀನುಗಾರಿಕೆ ನಮ್ಮ ಕಸುಬು. ಮಗಳು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಚಾಲನೆಯ ತರಬೇತಿಗೆ ಸೇರುತ್ತಿದ್ದಾಳೆ. ಸಣ್ಣ ನಿಲ್ದಾಣಗಳಲ್ಲಿ ದೊಡ್ಡ ನಿಲ್ದಾಣಗಳಷ್ಟು ಬಿಗಿ ಕಾವಲು ಇರುವುದಿಲ್ಲವಂತೆ. ಹೊರಗಿನವರು ನುಗ್ಗಿ ವಿಮಾನಕ್ಕೆ ಏನಾದರೂ ಮಾಡಿದರೆ? ಅವಳು ಯಾವ ಎಚ್ಚರ ವಹಿಸಬೇಕು?

ಉತ್ತರ: ಹೆದರಿಕೆ ಸಹಜ. ಆದರೆ ಅಲ್ಲಿ ನಾನು ಮೊದಲು ಹೆದರುವುದು ನಿಂತ ವಿಮಾನದ ಪ್ರೊಪೆಲ್ಲರ್‌ಗೆ. ಸೆಸ್ನಾ 172ರಂಥ ತರಬೇತಿ ವಿಮಾನದ ಎಂಜಿನ್‌ಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿ ಬೇಡ, ತಿರುಗಿದರೆ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಕೀಲಿಯನ್ನು ಆಫ್ ಮಾಡಿದಾಗ ಅದನ್ನು ಸುಮ್ಮನಾಗಿಸುವುದು ಒಂದು ತಂತಿ. ಆ ತಂತಿ ತುಂಡಾಗಿದ್ದರೆ, ಕೀಲಿ ಜೇಬಿನಲ್ಲಿದ್ದರೂ ಕಿಡಿ ಹಾರುತ್ತದೆ. ಸಿಲಿಂಡರ್‌ನಲ್ಲಿ ಉಳಿದ ಇಂಧನ ಹೊತ್ತಿಕೊಂಡು, ಕೈಯಿಂದ ತುಸು ಅಲುಗಿಸಿದ ಪ್ರೊಪೆಲ್ಲರ್ ರಪ್ಪನೆ ಸುತ್ತಬಹುದು. ನೀವು ಅವಳನ್ನು ನೋಡಲು ಹೋದಾಗ ಅದಕ್ಕೆ ಕೈಯೂರಿ ಫೋಟೊ ತೆಗೆಸಿಕೊಳ್ಳಬೇಡಿ. ಎಂಜಿನ್ ಓಡುತ್ತಿರುವ ವಿಮಾನದ ಹತ್ತಿರವಂತೂ ಬೋಧಕರು ಕರೆಯದೆ ಹೋಗಲೇಬಾರದು.

ಇನ್ನು ಕಾವಲಿನ ಮಾತು. ಬಂದರಿನಲ್ಲಿ ಅಪರಿಚಿತ ದೋಣಿ ಬಂದು ನಿಂತರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಸಣ್ಣ ನಿಲ್ದಾಣವನ್ನು ಕಾಯುವುದೂ ಬಹುಮಟ್ಟಿಗೆ ಅಂಥ ಕಣ್ಣುಗಳೇ. ಅಮೆರಿಕದಲ್ಲಿ 2001ರ ದಾಳಿಯ ನಂತರ ವಿಮಾನ ಮಾಲೀಕರು ಮತ್ತು ಪೈಲಟ್‌ಗಳ ಸಂಘವು ಸರ್ಕಾರದ ಜೊತೆ ಸೇರಿ ‘ಏರ್‌ಪೋರ್ಟ್ ವಾಚ್’ ಎಂಬ ನಿಗಾ ವ್ಯವಸ್ಥೆ ತಂದದ್ದು ಇದೇ ನಂಬಿಕೆಯ ಮೇಲೆ.

ನಿಮ್ಮ ಮಗಳು ಹಾರುವ ಮುನ್ನ ವಿಮಾನದ ಸುತ್ತ ಒಂದು ಸುತ್ತು ಹಾಕಿ ಪರೀಕ್ಷಿಸುವುದನ್ನು ಹೇಗೂ ಕಲಿಯುತ್ತಾಳೆ. ಆಗಲೇ ಬಾಗಿಲಿನ ಬೀಗ, ಇಂಧನದ ಮುಚ್ಚಳಗಳನ್ನು ಅನುಮಾನದ ಕಣ್ಣಿನಿಂದಲೂ ನೋಡಲಿ. 100 ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿನ ಬಣ್ಣ ನೀಲಿ. ಅದನ್ನೇ ತುಂಬಿಸಿದ ವಿಮಾನದಿಂದ ಪರೀಕ್ಷೆಗೆ ತೆಗೆದ ಇಂಧನದ ಮಾದರಿಯಲ್ಲಿ ಬೇರೆ ಬಣ್ಣ ಕಂಡರೆ ಹಾರಾಟ ಅಲ್ಲಿಗೇ ನಿಲ್ಲಬೇಕು. ಗೇಟು ದಾಟಿದ ಮೇಲೆ ಅದು ಮುಚ್ಚುವವರೆಗೆ ನಿಲ್ಲಲಿ. ಹಿಂದೆಯೇ ನುಸುಳುವವರಿಗೆ ದಾಕ್ಷಿಣ್ಯ ಬೇಡ. ನಮ್ಮವರಿಗೆ ಕಷ್ಟವಾಗುವುದು ಇದೇ! ಹಾರುವುದರ ಗಂಧವೇ ಇಲ್ಲದವನು ವಿಮಾನ ಎಷ್ಟು ಭಾರ ಹೊರುತ್ತದೆ, ರಾತ್ರಿ ಯಾರಿರುತ್ತಾರೆ ಎಂದು ಕೆದಕಿದರೆ ವಾದಕ್ಕಿಳಿಯದೆ ಬೋಧಕರಿಗೆ, ಭದ್ರತಾ ಸಿಬ್ಬಂದಿಗೆ ಹೇಳಲಿ. ತುರ್ತಾದರೆ 112.

ರಜೆಗೆ ಬಂದಾಗ ಕಡಲತೀರದಲ್ಲಿ ಡ್ರೋನ್ ಹಾರಿಸುವ ಆಸೆಯಾದರೆ ಮೊದಲು ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದಲ್ಲಿ ಡ್ರೋನ್ ಹಾರಾಟದ ನಕ್ಷೆ ನೋಡಲಿ. ಕದಂಬ ನೌಕಾನೆಲೆ ನಿಮ್ಮ ಪಕ್ಕದಲ್ಲೇ ಇದೆ. ಆ ನಕ್ಷೆಯಲ್ಲಿ ಕೆಂಪು ಎಂದು ಗುರುತಿಸಿದ ವಲಯದಲ್ಲಿ ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಬೇಕು.