ಪರ್ಸೆಂಟ್ ಆಮೇಲೆ, ಮೊದಲು ಕಾಗದ ತೆಗೀರಿ

ಈ ಸಲ ಹನ್ನೊಂದು ಪತ್ರ ಬಂದಿವೆ. ಒಂಬತ್ತರಲ್ಲಿ ಒಂದೇ ಮಾತು: "ಸರ್, ನನಗೆ ಎಷ್ಟು ಪರ್ಸೆಂಟ್ ಆಗುತ್ತೆ?" ಅಂದರೆ ಡಿಸೆಬಿಲಿಟಿ ಪೆನ್ಷನ್ನಿಗೆ ಮೆಡಿಕಲ್ ಬೋರ್ಡ್ ಹಾಕುವ ಅಂಗವೈಕಲ್ಯದ ಪರ್ಸೆಂಟ್. ಕ್ಯಾಂಪಿನ ಚಹಾ ಅಂಗಡಿಯಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ, ಮದುವೆಯಲ್ಲಿ ಪಕ್ಕದ ಎಲೆಗೆ ಕೂತವರೂ ಇದನ್ನೇ ಕೇಳುತ್ತಾರೆ. ನಾನೇನು ಮೆಡಿಕಲ್ ಬೋರ್ಡಾ? ಇಪ್ಪತ್ತಾರು ವರ್ಷ ಫೌಜಿನಲ್ಲಿ ಕ್ಲರ್ಕ್ ಆಗಿದ್ದವನು, ಈಗ ಬೆಳಗಾವಿಯಲ್ಲಿ ಕೂತು ಮಾಜಿ ಸೈನಿಕರ ಪೆನ್ಷನ್ ಕಾಗದ ನೋಡುವವನು. ನಿಮ್ಮ ಬೆನ್ನು, ಮೊಣಕಾಲು ನೋಡಿ ನನಗೆ ಏನೂ ತಿಳಿಯುವುದಿಲ್ಲ. ಪಿಪಿಒ, ಅಂದರೆ ಪೆನ್ಷನ್ ಆದೇಶ, ಓದೋದು ಹೇಗೆ, ಪೆನ್ಷನ್ ವೆಬ್‌ಸೈಟ್ ಸ್ಪರ್ಶ್‌ನಲ್ಲಿ ಲಾಗಿನ್ ಆಗೋದು ಹೇಗೆ ಅಂತೆಲ್ಲಾ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅದು ನಿಮಗೆ ಗೊತ್ತಿರಬೇಕು.

ಪ್ರಶ್ನೆ: 24 ವರ್ಷ ಸೇವೆ ಮುಗಿಸಿ 2018ರಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದೆ. 2009ರಲ್ಲಿ ಯುನಿಟ್‌ನ ಕಬಡ್ಡಿ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಅಲ್ಲಿಂದ ಕೊನೆವರೆಗೂ ಲೋ ಮೆಡಿಕಲ್ ಕೆಟಗರಿ (ಪೂರ್ತಿ ಫಿಟ್ ಅಲ್ಲ ಅನ್ನುವ ದರ್ಜೆ). ರಿಟೈರ್ ಆಗುವಾಗ ಬೋರ್ಡ್ 30 ಪರ್ಸೆಂಟ್ ಬರೆದಿದೆ, ಆದರೆ ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್ ಆಗಿದೆ. ಏಜೆಂಟ್ ಒಬ್ಬರು 20 ಸಾವಿರ ಕೊಟ್ಟರೆ ಖಾಸಗಿ ಆಸ್ಪತ್ರೆಯಿಂದ 75 ಪರ್ಸೆಂಟಿನ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂತಾರೆ. ಮಾಡಿಸಲಾ? (ಬೈಲಹೊಂಗಲ ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಆ 20 ಸಾವಿರದಲ್ಲಿ ಒಂದು ಎಮ್ಮೆಗಾದರೂ ಮುಂಗಡ ಕೊಡಿ, ಹಾಲಾದರೂ ಬರುತ್ತೆ.

ಹವಾಲ್ದಾರ್ ಸಾಹೇಬ್ರೇ, ನಿಮ್ಮ ಕ್ಲೇಮು ಪರ್ಸೆಂಟ್ ಕಡಿಮೆ ಆಯಿತು ಅಂತ ರಿಜೆಕ್ಟ್ ಆಗಿಲ್ಲ. 20 ಪರ್ಸೆಂಟ್ ಇದ್ದರೆ ಸಾಕು, ನಿಮಗೆ 30 ಇದೆ. ರಿಜೆಕ್ಷನ್ ಲೆಟರ್ ಇನ್ನೊಮ್ಮೆ ಓದಿ. ಗಾಯ ಸೇವೆಯಿಂದ ಆದದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆದದ್ದೂ ಅಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಅದರ ಮೊದಲಕ್ಷರ ಸೇರಿಸಿ ನಮ್ಮವರು "ನಾನಾ" ಅಂತಾರೆ. ಹೆಸರು ನಾನಾ, ಕಾರಣ ಮಾತ್ರ ಅದೊಂದೇ. ಎಲ್ಲಿಂದಲೋ 75ರ ಸರ್ಟಿಫಿಕೇಟ್ ತಂದರೂ ಆ ನಾನಾ ಹಾಗೇ ಕೂತಿರುತ್ತೆ. ಅದೂ ಅಲ್ಲದೆ ಖಾಸಗಿ ಆಸ್ಪತ್ರೆಯ ಪರ್ಸೆಂಟನ್ನು ಫೌಜು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಪರ್ಸೆಂಟ್ ಹಾಕುವುದು ಮಿಲಿಟರಿ ಮೆಡಿಕಲ್ ಬೋರ್ಡ್ ಮಾತ್ರ.

ಇನ್ನೊಂದು ಲೆಕ್ಕ ಕೇಳಿ, ಇದನ್ನು ಏಜೆಂಟರು ಹೇಳುವುದಿಲ್ಲ. 100 ಪರ್ಸೆಂಟ್ ಇದ್ದವರಿಗೆ ಕೊನೆಯ ಸಂಬಳದ 30 ಪರ್ಸೆಂಟ್ ಸಿಗುತ್ತೆ, ಕಡಿಮೆ ಇದ್ದವರಿಗೆ ಅದೇ ಪ್ರಮಾಣದಲ್ಲಿ ಇಳಿಯುತ್ತೆ. ಆದರೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದಿದೆ. 50ಕ್ಕಿಂತ ಕಡಿಮೆ ಇದ್ದವರನ್ನು 50 ಅಂತ ಹಿಡಿಯುತ್ತಾರೆ, 50ರಿಂದ 75ರವರೆಗೆ ಇದ್ದವರನ್ನು 75 ಅಂತ, ಅದರ ಮೇಲಿನವರನ್ನು 100 ಅಂತ. ಮೊದಲು ಇದು ಅರ್ಧದಲ್ಲೇ ಬೋರ್ಡ್ ಔಟ್ ಆದವರಿಗೆ, ಅಂದರೆ ಮೆಡಿಕಲ್ ಬೋರ್ಡ್ ಅನ್‌ಫಿಟ್ ಅಂತ ಮನೆಗೆ ಕಳಿಸಿದವರಿಗೆ, ಮಾತ್ರ ಅಂತಿತ್ತು. ಪೂರ್ತಿ ಸೇವೆ ಮುಗಿಸಿದವರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಅಂದರೆ ನಿಮಗೆ 30 ಇರಲಿ 49 ಇರಲಿ, ಸಿಗುವುದು 50ರ ಲೆಕ್ಕ. ಕೊನೆಯ ಸಂಬಳ 40 ಸಾವಿರ ಅಂತ ಹಿಡಿದರೆ ತಿಂಗಳಿಗೆ 6 ಸಾವಿರ, ಮೇಲೆ ಡಿಆರ್, ಅಂದರೆ ತುಟ್ಟಿ ಪರಿಹಾರ. 30ನ್ನು 40 ಮಾಡಿಸಲು ಓಡಾಡುವವರನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ. ಒಂದು ರೂಪಾಯಿ ಜಾಸ್ತಿ ಬರುವುದಿಲ್ಲ.

ಹಾಗಾದರೆ ಜಗಳ ಆಡಬೇಕಾದದ್ದು ನಾನಾ ಮೇಲೆ. "ಆಟದಲ್ಲಿ ಬಿದ್ದದ್ದು ಡ್ಯೂಟಿ ಅಲ್ಲ" ಅಂತ ನಿಮಗೆ ಯಾರೋ ಹೇಳಿದ್ದಾರಂತೆ. ತಪ್ಪು. ಯುನಿಟ್ ಏರ್ಪಡಿಸಿದ ಅಥವಾ ಒಪ್ಪಿಗೆ ಕೊಟ್ಟ ಆಟ ಡ್ಯೂಟಿಯೇ. ಬ್ಯಾರಕ್ ಹಿಂದೆ ಸುಮ್ನೆ ನಾಲ್ಕು ಮಂದಿ ಸೇರಿ ಆಡಿ ಬಿದ್ದರೆ ಅದು ಬೇರೆ ಮಾತು. ಆವತ್ತಿನ ಪಂದ್ಯ ಯುನಿಟ್‌ದೇ ಅಂತ ತೋರಿಸುವ ಕಾಗದ ಇಂಜುರಿ ರಿಪೋರ್ಟ್, ಐಎಎಫ್‌ವೈ-2006. ಡ್ಯೂಟಿ ಮೇಲೆ ಇದ್ದನೋ ಇಲ್ಲವೋ ಅಂತ ಯುನಿಟ್ ಮುಖ್ಯಸ್ಥರಾದ ಸಿಒ ಸಾಹೇಬರು ಬರೆದು ಸಹಿ ಹಾಕುವ ಕಾಗದ ಅದು. ಅದರಲ್ಲಿ ಡ್ಯೂಟಿ ಅಂತ ಇದ್ದೂ ಬೋರ್ಡ್ ನಾನಾ ಹೊಡೆದಿದ್ದರೆ ನಿಮ್ಮ ಕೇಸು ಗಟ್ಟಿ.

ಹೋದ ವರ್ಷ ಮುಧೋಳ ಕಡೆಯ ಒಬ್ಬ ನಾಯ್ಕ್ ಸಾಹೇಬರು ಬಂದಿದ್ದರು. ಇಂಜುರಿ ರಿಪೋರ್ಟ್ ಆಗಿಯೇ ಇಲ್ಲ ಅಂತ ಆಣೆ ಮಾಡಿದರು. ಟ್ರಂಕಿನಲ್ಲಿ ಇದ್ದದ್ದನ್ನೆಲ್ಲಾ ತನ್ನಿ ಅಂದೆ. ಸಕ್ಕರೆ ಚೀಲದಲ್ಲಿ ತುಂಬಿ ತಂದರು: ರಜೆ ಚೀಟಿ, ಕ್ಯಾಂಟೀನ್ ಬಿಲ್ಲು, ಮಗನ ಮಾರ್ಕ್ಸ್ ಕಾರ್ಡು. ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಂದು ಹಾಳೆ, ಮಡಿಕೆಯ ಗೆರೆ ಗುಂಟ ಹರಿದಿತ್ತು, ಮೂಲೆಯಲ್ಲಿ ಡಾಂಬರ್ ಗುಳಿಗೆಯ ವಾಸನೆ. "ಸಾಹೇಬ್ರ, ಅದು ಹಾಳಿ ಕಾಗದ್ರಿ, ಅದ್ರಾಗ ಏನೈತ್ರಿ" ಅಂದರು. ಅದೇ ಇಂಜುರಿ ರಿಪೋರ್ಟ್. ನೇರಳೆ ಬಣ್ಣದ ಗೋಲ್ ಮೊಹರು ಇನ್ನೂ ಓದಲು ಬರುತ್ತಿತ್ತು. ಹದಿನೇಳು ವರ್ಷ ಆ ಮನುಷ್ಯ ಅದರ ಮೇಲೆ ಉಲನ್ ಸ್ವೆಟರ್ ಇಟ್ಟಿದ್ದರು.

ಟ್ರಂಕಿನಲ್ಲಿ ಸಿಗದಿದ್ದರೆ ನಿಮ್ಮ ರೆಕಾರ್ಡ್ ಆಫೀಸಿಗೆ ಬರೆಯಿರಿ. ಇಂಜುರಿ ರಿಪೋರ್ಟ್ ಮತ್ತು ರಿಟೈರ್ ಆಗುವಾಗ ಕೂತ ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ. ಇಲ್ಲಿ ಇನ್ನೊಂದು ತಮಾಷೆ ಇದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇದೆ ಅಂತ ಆರ್ಟಿಲರಿಯವರೂ ಸಿಗ್ನಲ್ಸ್‌ನವರೂ ಅದರ ಗೇಟಿಗೇ ಹೋಗಿ ನಿಲ್ಲುತ್ತಾರೆ. ಆರ್ಟಿಲರಿ ರೆಕಾರ್ಡ್ಸ್ ಇರುವುದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ದು ಜಬಲ್ಪುರದಲ್ಲಿ. ಗೇಟಿನ ಸಂತರಿ ಏನು ಮಾಡಬೇಕು ಪಾಪ.

ಬೋರ್ಡಿನ ಪ್ರತಿ ಬಂದಮೇಲೆ ಪರ್ಸೆಂಟ್ ಇರುವ ಪುಟ ಬಿಟ್ಟು, ಸೇವೆಗೂ ಗಾಯಕ್ಕೂ ಸಂಬಂಧ ಇದೆಯೋ ಇಲ್ಲವೋ ಅಂತ ಎಸ್, ನೋ ಬರೆದಿರುವ ಪುಟ ತೆಗೀರಿ. ನೋ ಅಂತ ಬರೆದ ಮೇಲೆ ಯಾಕೆ ಅಂತಲೂ ಬರೆದಿರಬೇಕು. ಎಷ್ಟೋ ಕಡೆ ಕಾರಣದ ಜಾಗದಲ್ಲಿ ಒಂದೇ ಸಾಲು ಇರುತ್ತೆ. ನಿಮ್ಮ ಅಪೀಲು ಆ ಸಾಲಿನಿಂದ ಶುರುವಾಗಬೇಕು.

ಮೊದಲ ಅಪೀಲಿಗೆ ಆರು ತಿಂಗಳ ಗಡುವು ಇತ್ತು, ನೀವು ಕಳೆದಿರಿ. ಆದರೂ ತಡವಾದದ್ದಕ್ಕೆ ಕಾರಣ ಬರೆದು ಅಪೀಲು ಹಾಕಿ, ಸ್ಪೀಡ್ ಪೋಸ್ಟಿನ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಕೊಚ್ಚಿಯ ಎಎಫ್‌ಟಿ, ಅಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಪೆನ್ಷನ್ ಪ್ರತಿ ತಿಂಗಳು ಬರಬೇಕಾದ್ದು, ಹಾಗಾಗಿ ತಡವಾಯಿತು ಅಂತ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಗೆದ್ದರೂ ಬಾಕಿ ಸಾಮಾನ್ಯವಾಗಿ ಕೇಸು ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು ಮಾತ್ರ. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪು ಬಂದಾಗಿನಿಂದ ಹೀಗೇ. 2018ರಿಂದ ಲೆಕ್ಕ ಹಾಕಿ ಟ್ರ್ಯಾಕ್ಟರ್ ನೋಡಲು ಹೋಗಬೇಡಿ.

ಇನ್ನು ಏಜೆಂಟರ ವಿಷಯ. ಬಾಕಿ ಹಣದಲ್ಲಿ ಇಷ್ಟು ಪಾಲು ಕೊಡಿ ಅಂತ ಕೇಳುವವರಿದ್ದಾರೆ. ವಕೀಲರಾದವರು ಹಾಗೆ ಪಾಲಿನ ಮೇಲೆ ಫೀಸು ತಗೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಇದೆ. ವಕೀಲರಲ್ಲದವರಿಗೆ ನಿಮ್ಮ ಸ್ಪರ್ಶ್ ಪಾಸ್‌ವರ್ಡ್ ಯಾಕೆ ಬೇಕು? ಒಬ್ಬರು ಅದನ್ನೂ ಕೊಟ್ಟು ಬಂದಿದ್ದರು, ಜೊತೆಗೆ ಒಂದು ಕಿಲೋ ಕುಂದಾ ಬೇರೆ.

ಪ್ರಶ್ನೆ: ಧರಮ್‌ವೀರ್ ಸಿಂಗ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಿಪಿ, ಶುಗರ್ ಇದ್ದವರಿಗೆಲ್ಲಾ ಡಿಸೆಬಿಲಿಟಿ ಪೆನ್ಷನ್ ಸಿಗುತ್ತೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ, ನಿಜವೇ? (ಗೋಕಾಕ)

ಉತ್ತರ: ಎಲ್ಲರಿಗೂ ಅಂತ ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. ಭರ್ತಿ ಆಗುವಾಗ ಕಾಯಿಲೆ ಇತ್ತು ಅಂತ ಬರೆದಿಲ್ಲದಿದ್ದರೆ ಮನುಷ್ಯ ಗಟ್ಟಿಯಾಗಿದ್ದ ಅಂತಲೇ ಹಿಡಿಯಬೇಕು, ಸೇವೆಯಿಂದ ಬಂದದ್ದಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು ಅಂತ 2013ರಲ್ಲಿ ಹೇಳಿದ್ದು ನಿಜ. ಅದು ಫಿಟ್ಸ್ ಬಂದು ಬೋರ್ಡ್ ಔಟ್ ಆದ ಸಿಪಾಯಿಯ ಕೇಸು. ಒಬ್ಬೊಬ್ಬರ ಪೋಸ್ಟಿಂಗ್ ನೋಡಿ ಹೇಳಬೇಕು. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮ, ಅವರು ಹಳಬರ ಮಾತು ಕೇಳಲೇಬಾರದು.

ಪ್ರಶ್ನೆ: ಯುಡಿಐಡಿ (ಅಂಗವಿಕಲರ ಸರ್ಕಾರಿ ಗುರುತಿನ) ಕಾರ್ಡಿನಲ್ಲಿ 60 ಪರ್ಸೆಂಟ್ ಇದೆ, ರೆಕಾರ್ಡ್ ಆಫೀಸಿಗೆ ಕಳಿಸಲೇ? (ಇಂಡಿ)

ಉತ್ತರ: ಬಸ್ ಪಾಸಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ರಜೆಯಲ್ಲಿ ಬಂದಾಗ ಜಮಖಂಡಿ ರೋಡಿನಲ್ಲಿ ಬೈಕಿನಿಂದ ಬಿದ್ದೆ. ಇದು ಡ್ಯೂಟಿಯೇ? (ಬಾಗಲಕೋಟೆ)

ಉತ್ತರ: ಯುನಿಟ್‌ನಿಂದ ಮನೆಗೆ ಬರುವ ಅಥವಾ ಮನೆಯಿಂದ ವಾಪಸ್ ಹೋಗುವ ದಾರಿಯಾಗಿದ್ದರೆ ಹೌದು. ಬೀಗರ ಊರಿಗೆ ಹೊರಟಿದ್ದರೆ ಅಲ್ಲ. ಎಲ್ಲಿಗೆ ಹೊರಟಿದ್ದಿರಿ ಅಂತ ಪತ್ರದಲ್ಲಿ ಬರೆದೇ ಇಲ್ಲ, ಅಲ್ವಾ?

ಪ್ರಶ್ನೆ: ಕಾಗದಗಳ ಫೋಟೊ ಮೊಬೈಲಿಗೆ ಕಳಿಸಿದರೆ ನೋಡುತ್ತೀರಾ? (ಸಿಂದಗಿ)

ಉತ್ತರ: ಇಲ್ಲ. ಅರ್ಧ ಫೋಟೊದಲ್ಲಿ ನಿಮ್ಮ ಹೆಬ್ಬೆರಳು ಇರುತ್ತೆ, ಇನ್ನರ್ಧದಲ್ಲಿ ಫ್ಯಾನಿನ ನೆರಳು. ಜೆರಾಕ್ಸ್ ಮಾಡಿಸಿ, ಎರಡೂ ಬದಿ. ಮೂಲ ಪ್ರತಿ ನನಗೂ ಕೊಡಬೇಡಿ.