ಕೈಯಾರೆ ಕೊಡಿಸಿದ್ದು ನಾನೇ ಅಲ್ವಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಮಾತಾಡಲು ಬಂದ ದಂಪತಿಯ ಎರಡನೇ ಮಗುವಿಗೆ ದಡಾರದ ಲಸಿಕೆ ಹಾಕಿಸಬೇಕಾದ ದಿನ ದಾಟಿ ಐದು ತಿಂಗಳಾಗಿತ್ತು. ಮನೆಯಲ್ಲಿ ದಿನಾ ಅದೇ ಜಗಳ. "ಎಷ್ಟು ಹೇಳಿದರೂ ಇವಳಿಗೆ ಅರ್ಥವಾಗಲ್ಲ ಮೇಡಂ" ಎಂದು ಗಂಡ ಶುರು ಮಾಡಿದರು. ಸ್ವಲ್ಪ ಹೊತ್ತು ಹೊರಗೆ ಕೂತಿರಿ ಎಂದೆ.

ಆಕೆ ಮೊದಲು ಕೇಳಿದ್ದು, ಲಸಿಕೆಯಿಂದ ಆಟಿಸಂ (ಮಗುವಿನ ಮಾತು, ಒಡನಾಟದ ಬೆಳವಣಿಗೆ ಬೇರೆಯಾಗುವ ಸ್ಥಿತಿ) ಬರುತ್ತದಾ ಎಂದು. ಅದಕ್ಕೆ ಉತ್ತರ ಸುಲಭ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೀ 12 ಮಕ್ಕಳನ್ನು ನೋಡಿ ಬರೆದ ಲೇಖನದಿಂದ ಹಬ್ಬಿದ ಭಯ ಅದು. ಅಚ್ಚು ಹಾಕಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸ್ ಪಡೆಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗಲೂ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ಆಕೆ ತಲೆಯಾಡಿಸಿದರು, ಮುಖದ ಬಿಗಿ ಹಾಗೇ ಇತ್ತು.

"ದೊಡ್ಡ ಮಗುವಿಗೆ ಹಾಕಿಸಿದಾಗ ಏನಾಯ್ತು?"

ಅಳು ಬಂತು. ಲಸಿಕೆಯಾದ ಒಂಬತ್ತನೇ ರಾತ್ರಿ ಜ್ವರ ಏರಿ ಮಗುವಿಗೆ ಫಿಟ್ಸ್ ಬಂದಿತ್ತು. ಎರಡು ನಿಮಿಷ. ಮನೆಯಲ್ಲಿ ಆಕೆ ಒಬ್ಬರೇ. ಆಸ್ಪತ್ರೆಯಲ್ಲಿ "ಏನಿಲ್ಲ, ಸುಮ್ನೆ ಹೆದರಬೇಡಿ" ಎಂದು ಕಳಿಸಿದ್ದರು. ಮಗು ಈಗ ಚೆನ್ನಾಗಿದೆ. "ರೋಗ ಬಂದ್ರೆ ಹಣೆಬರಹ ಅಂದ್ಕೋಬಹುದು ಮೇಡಂ. ಇದು ನಾನೇ ಕೈಯಾರೆ ಕೊಡಿಸಿದ್ದು ಅಲ್ವಾ?"

ಲಸಿಕೆಗೆ ಹಿಂಜರಿಯುವ ಎಷ್ಟೋ ಜನರ ಎದೆಯಲ್ಲಿ ಈ ಮಾತೇ ಕೂತಿರುತ್ತದೆ. ಮಾಡಿ ಕೆಟ್ಟರೆ ತಪ್ಪು ನನ್ನದು, ಮಾಡದೆ ಕೆಟ್ಟರೆ ಯಾರದ್ದೂ ಅಲ್ಲ. ಇದನ್ನು ದಡ್ಡತನ ಎನ್ನುವುದು ದೊಡ್ಡ ಅನ್ಯಾಯ.

ನಾನು ಹೇಳಿದೆ: ನೀವು ಕಂಡದ್ದು ನಿಜ. ಈ ಲಸಿಕೆಯಾಗಿ ಒಂದೆರಡು ವಾರದೊಳಗೆ ಜ್ವರ ಬರಬಹುದು, ಅಪರೂಪಕ್ಕೆ ಫಿಟ್ಸ್ ಕೂಡ. ನೋಡಿದವರ ಜೀವ ಬಾಯಿಗೆ ಬರುತ್ತದೆ. ಆದರೆ ಜ್ವರದಿಂದ ಸ್ವಲ್ಪ ಹೊತ್ತು ಬರುವ ಇಂಥ ಫಿಟ್ಸ್‌ನಿಂದ ಮಿದುಳಿಗೆ ಪೆಟ್ಟಾಗುವುದಿಲ್ಲ. ದಡಾರ ಬಂದರೂ ಜೋರು ಜ್ವರ, ಫಿಟ್ಸ್ ಬರಬಹುದು. ಅದರ ಮೇಲೆ ನ್ಯುಮೋನಿಯಾ, ಮಿದುಳಿನ ಊತದ ಅಪಾಯ. ಹಾಕಿಸದೆ ಬಿಡುವುದೂ ನಾವೇ ಮಾಡುವ ತೀರ್ಮಾನ.

ದೊಡ್ಡ ಮಗುವಿನ ಕತೆಯನ್ನು ಮಕ್ಕಳ ವೈದ್ಯರಿಗೆ ಪೂರ್ತಿ ಹೇಳಿ ಎಂದೆ. ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ನಿಂತ ಮೇಲೆ ವೈದ್ಯರಿಗೆ ತೋರಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ.

ಗಂಡನನ್ನು ಒಳಗೆ ಕರೆದು ಕೇಳಿದ್ದು ಒಂದೇ. ಇನ್ನು ವಾದ ಬೇಡ, ಆ ರಾತ್ರಿ ಹೇಗಿತ್ತು ಎಂದು ಹೆಂಡತಿಯ ಬಾಯಿಂದಲೇ ಕೇಳಿ. ಅವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ತಿಂಗಳಾದ ಮೇಲೆ ಇಬ್ಬರೂ ಬಂದರು. ಲಸಿಕೆ ಆಗಿದೆ. ಏಳನೇ ದಿನದಿಂದ ಹನ್ನೆರಡನೇ ದಿನದವರೆಗೆ ಗಂಡ ರಾತ್ರಿ ಪಾಳಿ ಬದಲಿಸಿಕೊಂಡು ಮನೆಯಲ್ಲೇ ಇದ್ದರಂತೆ.